ಮಲ್ಪೆ–ಮಂಗಳೂರು ಐಪಿ ಫೋನು: ಪಿಂಗ್ 28 ಮಿಲಿಸೆಕೆಂಡ್, ಮಾತು ಮಾತ್ರ ಅರ್ಧ ಸೆಕೆಂಡ್ ತಡ

ಬಂದರು_ಲೆಕ್ಕಪತ್ರ (ಪ್ರಶ್ನೆ):

ನಮಸ್ಕಾರ. ನಮ್ಮದು ಮೀನು ವ್ಯಾಪಾರದ ಸಣ್ಣ ಸಂಸ್ಥೆ. ಕಚೇರಿ ಮಂಗಳೂರಿನ ಬಂದರಿನಲ್ಲಿದೆ, ಖರೀದಿಯ ಶೆಡ್ಡು ಮಲ್ಪೆಯಲ್ಲಿದೆ. ನಡುವಿನ ದೂರ ಸುಮಾರು 60 ಕಿಲೋಮೀಟರ್. ನಾನು ಲೆಕ್ಕಪತ್ರ ನೋಡುವವನಾದರೂ ಕಂಪ್ಯೂಟರ್, ಪ್ರಿಂಟರ್, ಫೋನು ಯಾವುದು ಕೆಟ್ಟರೂ ಎಲ್ಲರೂ ಕರೆಯುವುದು ನನ್ನನ್ನೇ ಆದ್ದರಿಂದ ಈ ಸಮಸ್ಯೆಯೂ ನನ್ನ ಮೇಜಿಗೇ ಬಂದಿದೆ.

ಜೂನ್ 1ರಿಂದ ಜುಲೈ 31ರ ವರೆಗೆ ಮೀನುಗಾರಿಕೆಗೆ ನಿಷೇಧವಿರುವ ಬಿಡುವಿನಲ್ಲಿ ಎರಡೂ ಕಡೆ ಐಪಿ ಫೋನು (ಇಂಟರ್‌ನೆಟ್ ಮೂಲಕ ಮಾತು ಸಾಗಿಸುವ ಫೋನು) ಹಾಕಿಸಿದೆವು. ದರ ಹೇಳಿದ ಕರೆಗಳು ದಾಖಲಾಗಿರಲಿ ಎಂಬುದು ಯಜಮಾನರ ಉದ್ದೇಶ. ಎಕ್ಸ್‌ಚೇಂಜು ನಮ್ಮಲ್ಲಿಲ್ಲ, ಸೇವೆ ಕೊಡುವ ಕಂಪನಿಯ ಸರ್ವರ್ ಮುಂಬಯಿಯಲ್ಲಿದೆಯಂತೆ. ಡೇಟಾ ಕಡಿಮೆ ಸಾಕು ಎಂದು ಅವರ ತಂತ್ರಜ್ಞರು ಜಿ.729 ಎಂಬ ಕೋಡೆಕ್ (ಧ್ವನಿಯನ್ನು ಡೇಟಾ ಆಗಿ ಬದಲಿಸುವ ವಿಧಾನ) ಇಟ್ಟು ಹೋದರು. ಜುಲೈ ತಿಂಗಳಿಡೀ ಪರೀಕ್ಷಿಸಿದೆವು. ಒಂದೇ ಒಂದು ದೂರು ಇರಲಿಲ್ಲ.

ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗೆ ಇಳಿದು ಏಲಂ ಶುರುವಾದ ಮೇಲೆ ತೊಂದರೆ ಆರಂಭವಾಯಿತು. ಏಲಂ ನಡೆಯುವಾಗ ನಮ್ಮ ರೈಟರ್ (ಗುಮಾಸ್ತರು) ಮಲ್ಪೆಯಲ್ಲಿ ಫೋನು ಹಿಡಿದು ನಿಂತಿರುತ್ತಾರೆ, ಯಜಮಾನರು ಮಂಗಳೂರಿನಲ್ಲಿ ಕುಳಿತು ದರ ಹೇಳುತ್ತಾರೆ. ಇಬ್ಬರೂ ಒಟ್ಟಿಗೇ ಮಾತಾಡುತ್ತಾರೆ, ಒಟ್ಟಿಗೇ ಸುಮ್ಮನಾಗುತ್ತಾರೆ, ಆಮೇಲೆ "ಮಾರಾಯ್ರೆ, ಕೇಳುತ್ತದೋ ಇಲ್ಲವೋ" ಎಂದು ಇಬ್ಬರೂ ಒಟ್ಟಿಗೇ ಕೇಳುತ್ತಾರೆ. ಕಳೆದ ವಾರ ಒಂದು ರಾಶಿ ಬಂಗುಡೆ ನಮ್ಮ "ಹೂಂ" ಮಲ್ಪೆ ತಲಪುವಷ್ಟರಲ್ಲಿ ಬೇರೆಯವರ ಪಾಲಾಯಿತು.

ಕಚೇರಿಯಿಂದ ಸರ್ವರಿಗೆ ಪಿಂಗ್ ಹಾಕಿದರೆ 28 ಮಿಲಿಸೆಕೆಂಡ್ ಬರುತ್ತದೆ. ಸ್ಪೀಡ್ ಟೆಸ್ಟ್‌ನಲ್ಲಿ 50 ಎಂಬಿಪಿಎಸ್ ತೋರಿಸುತ್ತದೆ. ಫೋನಿನ ಕಂಪನಿಯವರು ನಿಮ್ಮ ಇಂಟರ್‌ನೆಟ್ ಸರಿಯಿಲ್ಲ ಎನ್ನುತ್ತಾರೆ, ಇಂಟರ್‌ನೆಟ್ ಕೊಟ್ಟವರು ನಮ್ಮ ಲೈನು ಕ್ಲಿಯರ್ ಇದೆ ಎನ್ನುತ್ತಾರೆ. ಈ ತಡ ನಿಜವಾಗಿ ಎಲ್ಲೆಲ್ಲಿ ಹುಟ್ಟುತ್ತದೆ, ಅದನ್ನು ಅಳೆಯುವುದು ಹೇಗೆ, ನಮ್ಮ ಕೈಯಲ್ಲಿರುವುದು ಎಷ್ಟು ಎಂದು ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ. 100 ಎಂಬಿಪಿಎಸ್ ಪ್ಲಾನ್ ತೆಗೆದುಕೊಂಡರೆ ಸರಿಹೋಗುತ್ತದೆಯೇ? ಇನ್ನೊಂದು ವಿಷಯ: ಹೊರಗಿನ ಲ್ಯಾಂಡ್‌ಲೈನ್‌ಗಳಿಗೆ ಕರೆ ಮಾಡಿದಾಗ ಕೆಲವೊಮ್ಮೆ ನಮ್ಮ ಧ್ವನಿಯೇ ನಮಗೆ ತಿರುಗಿ ಕೇಳುತ್ತದೆ. ಅದೂ ಇದೇ ಕಾಯಿಲೆಯೇ?


ಕೊಟ್ಟಾರ_ನೆಟ್‌ವರ್ಕ್:

ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಒಂದು ತುದಿ ಇದೆ: ಜುಲೈಯಲ್ಲಿ ಇಲ್ಲದ ತಡ ಆಗಸ್ಟ್‌ನಲ್ಲಿ ಬಂದಿದೆ. ಮುಂಬಯಿಯ ದೂರ ಬದಲಾಗಿಲ್ಲ, ಕೋಡೆಕ್ ಬದಲಾಗಿಲ್ಲ, ಫೋನು ಬದಲಾಗಿಲ್ಲ. ಅಲ್ಲಿಗೆ ಹೋಗುವ ಮೊದಲು, ಪಿಂಗ್ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಸ್ಪಷ್ಟ ಮಾಡಿಕೊಳ್ಳೋಣ.

ಪಿಂಗ್ ಎಂದರೆ ಒಂದು ಸಣ್ಣ ಪ್ಯಾಕೆಟ್ (ಡೇಟಾದ ತುಂಡು) ನಿಮ್ಮ ಕಚೇರಿಯಿಂದ ಸರ್ವರಿಗೆ ಹೋಗಿ ಮರಳಲು ಆ ಕ್ಷಣದಲ್ಲಿ ಹಿಡಿದ ಸಮಯ. ನಿಮಗೆ ಬೇಕಾದದ್ದು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಮಾತು ತಲಪುವ ಸಮಯ. ಇವೆರಡರ ನಡುವೆ ಪಿಂಗ್‌ಗೆ ಕಾಣದ ಅನೇಕ ಸಂಗತಿಗಳಿವೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಪ್ರಕಾರ ಬಾಯಿಂದ ಕಿವಿಗೆ ಒಂದು ದಿಕ್ಕಿನ ತಡ 150 ಮಿಲಿಸೆಕೆಂಡ್‌ನೊಳಗಿದ್ದರೆ ಸಾಮಾನ್ಯ ಸಂಭಾಷಣೆಗೆ ಅಡ್ಡಿಯಾಗುವುದಿಲ್ಲ. 400 ಮಿಲಿಸೆಕೆಂಡ್ ಮೀರುವಂತೆ ಜಾಲವನ್ನು ಯೋಜಿಸಲೇಬಾರದು. ಎದುರುಬದುರು ಕುಳಿತು ಮಾತಾಡುವಾಗ ಒಬ್ಬರು ಮುಗಿಸಿ ಇನ್ನೊಬ್ಬರು ತೊಡಗುವ ನಡುವಿನ ವಿರಾಮವೇ ಸುಮಾರು 200 ಮಿಲಿಸೆಕೆಂಡ್ ಆಗಿರುವುದರಿಂದ, ಅದನ್ನು ಮೀರಿದ ಮೌನವನ್ನು ಎದುರಿನವರು "ಇವರು ಸುಮ್ಮನಾದರು" ಎಂದೇ ತಿಳಿದು ಮಾತು ಎತ್ತುತ್ತಾರೆ. ನಿಮ್ಮ ರೈಟರ್ ಮತ್ತು ಯಜಮಾನರ ನಡುವೆ ಆಗುತ್ತಿರುವುದು ಇದೇ.

ಈಗ ಮಾತಿನ ದಾರಿ ನೋಡೋಣ. ಹಳೆಯ ಡಿಜಿಟಲ್ ಎಕ್ಸ್‌ಚೇಂಜಿನಲ್ಲಿ ಧ್ವನಿಯನ್ನು ಸೆಕೆಂಡಿಗೆ 8000 ಬಾರಿ ಅಳೆದು, ಪ್ರತಿ 125 ಮೈಕ್ರೋಸೆಕೆಂಡಿಗೆ ಒಂದೊಂದು ಬೈಟನ್ನು ಕಾಯಿಸದೆ ಮುಂದಕ್ಕೆ ಕಳುಹಿಸುತ್ತಿದ್ದರು. ಐಪಿ ಜಾಲದಲ್ಲಿ ಹಾಗೆ ಮಾಡಲಾಗದು. ಪ್ರತಿ ಪ್ಯಾಕೆಟ್ಟಿಗೂ ಐಪಿ, ಯುಡಿಪಿ, ಆರ್‌ಟಿಪಿ ಹೆಡರ್‌ಗಳೇ (ತಲಪಿಸಲು ಬೇಕಾದ ವಿಳಾಸ, ಕ್ರಮಸಂಖ್ಯೆ ಮುಂತಾದವು) ಒಟ್ಟು 40 ಬೈಟು ಬೇಕಾಗುವಾಗ ಒಂದು ಬೈಟು ಧ್ವನಿಗೆ ಒಂದು ಪ್ಯಾಕೆಟ್ ಹೊರಡಿಸಿದರೆ ಜಾಲ ಹೆಡರುಗಳನ್ನೇ ಹೊರಬೇಕಾದೀತು. ಆದ್ದರಿಂದ ನಮ್ಮೂರ ಸರ್ವಿಸ್ ರಿಕ್ಷಾದಂತೆ, ತುಂಬುವವರೆಗೆ ಹೊರಡುವುದಿಲ್ಲ. ಸಾಮಾನ್ಯವಾಗಿ 20 ಮಿಲಿಸೆಕೆಂಡ್ ಮಾತು ಕೂಡಿಬಂದ ಮೇಲೆ ಒಂದು ಪ್ಯಾಕೆಟ್ ಹೊರಡುತ್ತದೆ. ನಿಮ್ಮ ಜಿ.729 ಕೋಡೆಕ್ 10 ಮಿಲಿಸೆಕೆಂಡಿನ ತುಣುಕುಗಳನ್ನು ಮಾಡುತ್ತದೆ. ಜೊತೆಗೆ ಮುಂದಿನ 5 ಮಿಲಿಸೆಕೆಂಡ್ ಧ್ವನಿಯನ್ನು ಇಣುಕಿ ನೋಡಿದ ಮೇಲೆಯೇ ಹಿಂದಿನ ತುಣುಕನ್ನು ಅಡಕಗೊಳಿಸುತ್ತದೆ. ಎರಡು ತುಣುಕು ಸೇರಿದ ಒಂದು ಪ್ಯಾಕೆಟ್ ಫೋನಿನಿಂದ ಹೊರಬೀಳುವ ಮುನ್ನವೇ 25 ಮಿಲಿಸೆಕೆಂಡ್ ಸಂದಿತು. ಯಾರಾದರೂ ಡೇಟಾ ಉಳಿಸಲೆಂದು ಆ 20 ಮಿಲಿಸೆಕೆಂಡನ್ನು 60ಕ್ಕೆ ಏರಿಸಿದ್ದರೆ ಅದಕ್ಕೆ ತಕ್ಕಂತೆ ತಡವೂ ಏರಿರುತ್ತದೆ. ಸೆಟ್ಟಿಂಗ್ ಒಮ್ಮೆ ನೋಡಿ.

ದೂರದ ಬಗ್ಗೆ ಎಲ್ಲರಿಗೂ ಅನುಮಾನ ಜಾಸ್ತಿ, ಆದರೆ ಅದರ ಪಾಲು ಕಡಿಮೆ. ಗಾಜಿನ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ, ಎಂದರೆ ಕಿಲೋಮೀಟರಿಗೆ 5 ಮೈಕ್ರೋಸೆಕೆಂಡ್. ಮಲ್ಪೆಯ ಮಾತು ಪಡುಬಿದ್ರಿ, ಸುರತ್ಕಲ್ ದಾಟಿ ನೇರವಾಗಿ ಮಂಗಳೂರಿಗೆ ಬಂದಿದ್ದರೆ 0.3 ಮಿಲಿಸೆಕೆಂಡ್ ಸಾಕಿತ್ತು. ನಿಮ್ಮದು ಮುಂಬಯಿಗೆ ಹೋಗಿ ಮರಳುತ್ತದೆ. ಮಧ್ಯೆ ಘಟ್ಟ ಹತ್ತಿ ಬೆಂಗಳೂರನ್ನೂ ಸುತ್ತಿ ಬರುತ್ತಿರಬಹುದು. ಒಟ್ಟು 3000 ಕಿಲೋಮೀಟರ್ ಎಂದು ಹಿಡಿದರೂ 15 ಮಿಲಿಸೆಕೆಂಡ್ ಮಾತ್ರ ಆಯಿತು. ಭೂಮಿಯಿಂದ 35,786 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹಕ್ಕೆ ಹತ್ತಿ ಇಳಿಯಬೇಕಾದರೆ ಮಾತ್ರ ದೂರವೊಂದೇ ಸುಮಾರು 240 ಮಿಲಿಸೆಕೆಂಡ್ ತಿನ್ನುತ್ತದೆ. ಉಪಗ್ರಹದ ಮೂಲಕ ಸಾಗುತ್ತಿದ್ದ ಹಳೆಯ ವಿದೇಶ ಕರೆಗಳಲ್ಲಿ ಮಾತಿಗೂ ಉತ್ತರಕ್ಕೂ ನಡುವೆ ಇರುತ್ತಿದ್ದ ಆ ಅಂತರ ಅಲ್ಲಿಯದು. ನಿಮ್ಮ ಕರೆ ಉಪಗ್ರಹಕ್ಕೆ ಹೋಗುತ್ತಿಲ್ಲ.

ಪ್ಯಾಕೆಟ್ಟನ್ನು ತಂತಿಗೆ ಬಿಟ್‌ಬಿಟ್ಟಾಗಿ ಇಳಿಸಲು ಬೇಕಾಗುವ ಸಮಯವೂ ಇಂದು ದೊಡ್ಡದಲ್ಲ. ಹಳೆಯ 256 ಕೆಬಿಪಿಎಸ್ ಅಪ್‌ಲೋಡಿನ ಕಾಲದಲ್ಲಿ 1500 ಬೈಟಿನ ಒಂದು ಡೇಟಾ ಪ್ಯಾಕೆಟ್ ಇಳಿಯಲು 47 ಮಿಲಿಸೆಕೆಂಡ್ ಹಿಡಿಯುತ್ತಿತ್ತು, ಅದರ ಹಿಂದೆ ಸಿಕ್ಕಿಕೊಂಡ ಮಾತು ಅಷ್ಟೂ ಕಾಯಬೇಕಿತ್ತು. 5 ಎಂಬಿಪಿಎಸ್‌ನಲ್ಲಿ ಅದೇ ಪ್ಯಾಕೆಟ್ಟಿಗೆ 2.4 ಮಿಲಿಸೆಕೆಂಡ್ ಸಾಕು.

ಉಳಿದದ್ದು ಸರತಿ ಸಾಲು. ಹೆಜಮಾಡಿಯ ಟೋಲ್ ಗೇಟಿನಲ್ಲಿ ಕಾರು ನಿಂತಿರುವುದಕ್ಕೂ ಕಾರಿನ ವೇಗಕ್ಕೂ ಸಂಬಂಧವಿಲ್ಲವಲ್ಲ, ಹಾಗೆಯೇ ಇದು. ನಿಮ್ಮ ರೂಟರಿನಿಂದ ಅಥವಾ ಫೈಬರ್ ಮೋಡೆಮ್ಮಿನಿಂದ ಹೊರಹೋಗುವ ದಾರಿ ಕಿರಿದಾಗಿದ್ದು, ಅದಕ್ಕಿಂತ ಹೆಚ್ಚು ಡೇಟಾ ಒಳಗೆ ಬಂದರೆ ಅದು ಬಫರಿನಲ್ಲಿ, ಅಂದರೆ ಪ್ಯಾಕೆಟ್ಟುಗಳು ಕಾಯುವ ಜಾಗದಲ್ಲಿ, ಸಾಲುಗಟ್ಟುತ್ತದೆ. ಪ್ಯಾಕೆಟ್ ಕಳೆದುಹೋಗಬಾರದೆಂದು ತಯಾರಕರು ಈ ಬಫರುಗಳನ್ನು ಅತಿ ದೊಡ್ಡದಾಗಿ ಇಡುತ್ತಾರೆ. ಇದಕ್ಕೆ ಬಫರ್‌ಬ್ಲೋಟ್ ಎಂಬ ಹೆಸರೇ ಇದೆ. ಸುಮಾರು 2010ರಿಂದ ಜಿಮ್ ಗೆಟಿಸ್ ಎಂಬವರು ಇದನ್ನು ಗಟ್ಟಿಯಾಗಿ ಎತ್ತಿ ಆಡಿದ ಮೇಲೆ ಜನರ ಗಮನಕ್ಕೆ ಬಂತು.

ನನ್ನ ಪ್ರಶ್ನೆಗಳು ಮೂರು. ನೀವು ಪಿಂಗ್ ಹಾಕಿದ್ದು ಮಂಗಳೂರಿನಿಂದ ಮಾತ್ರವೋ, ಮಲ್ಪೆಯಿಂದಲೂ ಹಾಕಿದ್ದೀರೋ? ಏಲಂ ನಡೆಯುತ್ತಿರುವಾಗಲೇ ಹಾಕಿದ್ದೋ, ಮಧ್ಯಾಹ್ನ ಬಿಡುವಿನಲ್ಲೋ? ಮಲ್ಪೆಯ ಆ ಲೈನಿನಲ್ಲಿ ಫೋನಿನ ಹೊರತಾಗಿ ಇನ್ನೇನೇನು ಓಡುತ್ತಿದೆ?


ಮಣಿಪಾಲ_ಧ್ವನಿ:

ಮೇಲಿನ ವಿವರಣೆಗೆ ನನ್ನ ಒಪ್ಪಿಗೆ ಇದೆ. ಆದರೆ ಫೋನಿನೊಳಗೇ ಕುಳಿತಿರುವ ತಡವನ್ನು ಅವರು ಮುಟ್ಟಲಿಲ್ಲ, ಮತ್ತು ನನ್ನ ಅನುಭವದಲ್ಲಿ ಜಾಲ ಖಾಲಿ ಇರುವಾಗ ಅತಿ ದೊಡ್ಡ ಪಾಲು ಅದರದ್ದೇ.

ಪ್ಯಾಕೆಟ್ಟುಗಳು 20 ಮಿಲಿಸೆಕೆಂಡಿಗೊಂದರಂತೆ ಹೊರಟರೂ ಅದೇ ಲಯದಲ್ಲಿ ತಲಪುವುದಿಲ್ಲ. ಒಂದು 18ಕ್ಕೆ, ಇನ್ನೊಂದು 45ಕ್ಕೆ, ಆಮೇಲೆ ಎರಡು ಒಟ್ಟಿಗೆ ಬರುತ್ತವೆ. ಈ ಏರುಪೇರೇ ಜಿಟರ್. ಬಂದದ್ದನ್ನು ಬಂದಂತೆಯೇ ಕೇಳಿಸಿದರೆ ಮಾತು ತುಂಡುತುಂಡಾಗುತ್ತದೆ. ಅದಕ್ಕಾಗಿ ಕೇಳುವ ಫೋನು ಒಂದಷ್ಟು ಮಾತನ್ನು ಮೊದಲು ಕೂಡಿಸಿಟ್ಟು, ಆಮೇಲೆ ಒಂದೇ ಸಮನಾಗಿ ಹರಿಸುತ್ತದೆ. ಬಾವಿಯ ಪಂಪು ನೀರನ್ನು ಬಿಟ್ಟುಬಿಟ್ಟು ಎತ್ತಿದರೂ ಮಾಳಿಗೆಯ ಟ್ಯಾಂಕಿನಿಂದ ನಲ್ಲಿಗೆ ಸಮನಾಗಿ ಬರುವಂತೆ. ಈ ಟ್ಯಾಂಕೇ ಜಿಟರ್ ಬಫರ್. ಅದು ಎಷ್ಟು ದೊಡ್ಡದೋ ಅಷ್ಟು ತಡ ಪ್ರತಿಯೊಂದು ಅಕ್ಷರಕ್ಕೂ ಸೇರುತ್ತದೆ. ಕೆಲವು ಐಪಿ ಫೋನುಗಳಲ್ಲಿ ಇದನ್ನು ಸ್ಥಿರವಾಗಿ 100 ಅಥವಾ 200 ಮಿಲಿಸೆಕೆಂಡಿಗೆ ಇಟ್ಟುಬಿಡುವ ಅಭ್ಯಾಸ ತಂತ್ರಜ್ಞರಿಗೆ ಇದೆ, ಏಕೆಂದರೆ ಧ್ವನಿ ತುಂಡಾದರೆ ಗ್ರಾಹಕರು ಕೂಡಲೇ ದೂರುತ್ತಾರೆ, ತಡವಾದರೆ ದೂರು ಬರಲು ಒಂದು ಏಲಂ ಬೇಕಾಗುತ್ತದೆ. ಅದನ್ನು ಹೊಂದಿಕೊಳ್ಳುವ ಬಗೆಗೆ, ಅಂದರೆ ಅಡಾಪ್ಟಿವ್‌ಗೆ ಬದಲಿಸಿದರೆ ಜಾಲ ಚೆನ್ನಾಗಿರುವಾಗ ಬಫರ್ ತಾನಾಗಿ ಕುಗ್ಗುತ್ತದೆ.

ಮಲ್ಪೆಯ ಫೋನು ವೈಫೈಯಲ್ಲಿದ್ದರೆ ಮೊದಲು ಅದಕ್ಕೆ ಕೇಬಲ್ ಹಾಕಿ. ವೈಫೈಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಉಳಿದವರು ಯಾದೃಚ್ಛಿಕವಾಗಿ ಕಾದು ಮತ್ತೆ ಯತ್ನಿಸಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂದು ಮೂರೇ ಆಗಿರುವಾಗ, ಅಕ್ಕಪಕ್ಕದ ಶೆಡ್ಡುಗಳ ರೂಟರುಗಳೆಲ್ಲ ಅದರಲ್ಲೇ ಇದ್ದರೆ ಜಿಟರ್ ಏರುವುದು ಖಂಡಿತ, ಅದರ ಬೆನ್ನಿಗೆ ಜಿಟರ್ ಬಫರೂ ಏರುತ್ತದೆ.

ಕೋಡೆಕ್ ವಿಷಯದಲ್ಲಿ ಒಂದು ಮಾತು. 20 ಮಿಲಿಸೆಕೆಂಡ್ ಪ್ಯಾಕೆಟ್ಟಿನ ಲೆಕ್ಕದಲ್ಲಿ ಜಿ.729ಕ್ಕೆ ಹೆಡರ್ ಸೇರಿ 24 ಕೆಬಿಪಿಎಸ್ ಬೇಕು, ಇನ್ನೊಂದು ಕೋಡೆಕ್ ಆದ ಜಿ.711ಕ್ಕೆ 80 ಕೆಬಿಪಿಎಸ್ ಬೇಕು. 5 ಎಂಬಿಪಿಎಸ್ ಲೈನಿನಲ್ಲಿ ಒಂದು ಕರೆಗೆ ಈ ಉಳಿತಾಯ ಲೆಕ್ಕಕ್ಕೇ ಇಲ್ಲ. ಜಿ.711ಕ್ಕೆ ಮುಂದೆ ಇಣುಕುವ ಅಗತ್ಯವಿಲ್ಲ, ಧ್ವನಿಯೂ ಸ್ವಚ್ಛ. ಎರಡು ತುದಿಗಳಲ್ಲಿ ಬೇರೆ ಬೇರೆ ಕೋಡೆಕ್ ಇದ್ದರೆ ಸರ್ವರ್ ನಡುವೆ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ, ಅಲ್ಲಿ ಇನ್ನಷ್ಟು ಮಿಲಿಸೆಕೆಂಡ್ ಹೋಗುತ್ತದೆ. ಹಾಗಿದ್ದರೂ ಸ್ಪಷ್ಟವಾಗಿ ಹೇಳುತ್ತೇನೆ, ಕೋಡೆಕ್ ಬದಲಿಸಿದ ಮಾತ್ರಕ್ಕೆ ನಿಮ್ಮ ಅರ್ಧ ಸೆಕೆಂಡ್ ಮಾಯವಾಗದು.

ಅಳೆಯಲು ಉಪಕರಣ ಬೇಡ. ನೀವು ಮತ್ತು ರೈಟರ್ ಎದುರುಬದುರು ಕುಳಿತು 1ರಿಂದ 41ರ ವರೆಗೆ ಸರದಿಯಲ್ಲಿ ಎಣಿಸಿ: ನೀವು ಒಂದು, ಅವರು ಎರಡು, ನೀವು ಮೂರು. ಹಿಂದಿನ ಅಂಕೆ ಕಿವಿಗೆ ಬಿದ್ದ ಕೂಡಲೇ ಮುಂದಿನದು ಹೇಳಬೇಕು. ಹಿಡಿದ ಸಮಯ ಬರೆದಿಟ್ಟುಕೊಳ್ಳಿ. ಬಳಿಕ ಅದನ್ನೇ ಫೋನಿನಲ್ಲಿ ಮಾಡಿ. ಸರದಿ 40 ಬಾರಿ ಬದಲಾಗುವುದರಿಂದ, ಹೆಚ್ಚಾದ ಸಮಯವನ್ನು 40ರಿಂದ ಭಾಗಿಸಿದರೆ ಒಂದು ದಿಕ್ಕಿನ ಸರಾಸರಿ ತಡ ಸಿಗುತ್ತದೆ. ಒಂದೇ ಕೋಣೆಯಲ್ಲಿ ಎರಡು ಫೋನಿಟ್ಟು ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡುವ ವಿಧಾನವೂ ಇದೆ. ಆದರೆ ಗದ್ದಲ ತಡೆಯುವ ಫೋನುಗಳು ಚಪ್ಪಾಳೆಯನ್ನೇ ನುಂಗಿಬಿಡುವುದರಿಂದ, ಮತ್ತು ನಿಮ್ಮ ಎರಡು ತುದಿಗಳು ಬೇರೆ ಬೇರೆ ಊರಿನಲ್ಲಿರುವುದರಿಂದ, ಎಣಿಕೆಯೇ ಉತ್ತಮ.


ಕಾಪು_ದೀಪಸ್ತಂಭ:

ಚಿಕ್ಕದೊಂದು ಸೂಚನೆ. ನಾನು ಎರಡು ತಿಂಗಳು ರೂಟರ್ ಬದಲಿಸಿ, ಪ್ಲಾನ್ ಬದಲಿಸಿ ಕೊನೆಗೆ ಕಂಡುಕೊಂಡದ್ದು, ತಡದ ಒಂದು ದೊಡ್ಡ ಪಾಲು ನನ್ನ ಬ್ಲೂಟೂತ್ ಇಯರ್‌ಫೋನಿನದ್ದಾಗಿತ್ತು ಎಂದು. ಧ್ವನಿಯನ್ನು ಅದು ಮತ್ತೊಮ್ಮೆ ಅಡಕಗೊಳಿಸಿ, ಮತ್ತೊಮ್ಮೆ ಬಫರಿನಲ್ಲಿಟ್ಟು ಕೇಳಿಸುತ್ತದೆ. ನಿಮ್ಮ ರೈಟರ್ ಕಿವಿಯಲ್ಲಿ ಏನಿದೆ ಎಂದು ನೋಡಿ.


ಬಂದರು_ಲೆಕ್ಕಪತ್ರ:

ಎಲ್ಲರಿಗೂ ಧನ್ಯವಾದಗಳು. ಎರಡು ದಿನ ಹಿಡಿದು, ಮಲ್ಪೆಗೂ ಹೋಗಿ ಅಳೆದೆ.

ರೈಟರ್ ಕಿವಿಯಲ್ಲಿ ಏನೂ ಇಲ್ಲ; ಅವರದು ತಂತಿಯ ಫೋನು, ನೆಟ್‌ವರ್ಕ್ ಕೇಬಲ್ ಕೂಡ ಇದೆ. ಎಣಿಕೆಯನ್ನು ತುಳುವಿನಲ್ಲೇ ಮಾಡಿದೆವು, ಅವರಿಗೆ ಒಂಜಿ, ರಡ್ಡ್, ಮೂಜಿ ಎಂದರೇ ನಾಲಗೆ ಓಡುವುದು. ಎದುರುಬದುರು ಕುಳಿತಾಗ 24 ಸೆಕೆಂಡ್ ಆಯಿತು. ಮರುದಿನ ನಾನು ಮಂಗಳೂರಿನಿಂದ, ಅವರು ಮಲ್ಪೆಯಿಂದ, ಮಧ್ಯಾಹ್ನ ಎಲ್ಲವೂ ಶಾಂತವಾಗಿರುವಾಗ ಎಣಿಸಿದರೆ 31 ಸೆಕೆಂಡ್. ಏಲಂ ಹೊತ್ತಿನಲ್ಲಿ 40 ಸೆಕೆಂಡ್. ಲೆಕ್ಕ ಹಾಕಿದರೆ ಮಧ್ಯಾಹ್ನ ಸರಾಸರಿ 175 ಮಿಲಿಸೆಕೆಂಡ್, ಏಲಂ ಹೊತ್ತಿನಲ್ಲಿ 400.

ಪಿಂಗ್ ಬಗ್ಗೆ ನೀವು ಕೇಳಿದ್ದು ಸರಿಯಾಗಿತ್ತು. ನಾನು ಈ ವರೆಗೆ ಹಾಕಿದ್ದೆಲ್ಲ ಮಂಗಳೂರಿನಿಂದ. ಮಲ್ಪೆಯಿಂದ ಹಾಕಿದರೆ ಮಧ್ಯಾಹ್ನ 32 ಬರುತ್ತದೆ, ಏಲಂ ಹೊತ್ತಿನಲ್ಲಿ 460ರಿಂದ 490ರ ನಡುವೆ ಓಲಾಡುತ್ತದೆ. ಮಂಗಳೂರಿನದು ಎರಡೂ ಹೊತ್ತಿನಲ್ಲಿ 28 ಆಗಿಯೇ ಇದೆ.

ಮಲ್ಪೆಯ ಲೈನಿನಲ್ಲಿ ಇನ್ನೇನಿದೆ ಎಂಬುದಕ್ಕೆ ಉತ್ತರ ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ. ಶೆಡ್ಡಿನಲ್ಲಿ ನಾಲ್ಕು ಸಿಸಿಟಿವಿ ಕ್ಯಾಮೆರಾಗಳಿವೆ. ದರ ಹೇಳುವ ಮೊದಲು ಮೀನು ನೋಡಬೇಕೆಂದು ಯಜಮಾನರು ಏಲಂ ಹೊತ್ತಿನಲ್ಲಿ ನಾಲ್ಕನ್ನೂ ಮಂಗಳೂರಿನಲ್ಲಿ ತೆರೆದಿಟ್ಟುಕೊಳ್ಳುತ್ತಾರೆ. ಜುಲೈಯಲ್ಲಿ ನೋಡಲು ಮೀನು ಇರಲಿಲ್ಲ. ಮಲ್ಪೆಯ ಪ್ಲಾನ್ ಹೆಸರಿಗೆ 50 ಎಂಬಿಪಿಎಸ್ ಆದರೂ ಅಪ್‌ಲೋಡ್ 5 ಮಾತ್ರ ಎಂದು ಈಗ ತಿಳಿಯಿತು.


ಕೊಟ್ಟಾರ_ನೆಟ್‌ವರ್ಕ್:

ಹಾಗಾದರೆ ಕಳ್ಳ ಸಿಕ್ಕಿಬಿದ್ದ. ಮೋಡೆಮ್ಮಿನಲ್ಲಿ 256 ಕಿಲೋಬೈಟಿನ ಬಫರ್ ಇದೆ ಎಂದು ಹಿಡಿಯಿರಿ. ಅದು ಸುಮಾರು 21 ಲಕ್ಷ ಬಿಟ್ ಆಯಿತು. 5 ಎಂಬಿಪಿಎಸ್ ವೇಗದಲ್ಲಿ ಅದು ಬರಿದಾಗಲು 0.42 ಸೆಕೆಂಡ್ ಬೇಕು. ನಾಲ್ಕು ಕ್ಯಾಮೆರಾಗಳ ಚಿತ್ರ ಆ ಸಾಲನ್ನು ಸದಾ ತುಂಬಿಯೇ ಇಡುತ್ತದೆ, ಮತ್ತು ರೈಟರ್ ಮಾತಿನ ಪ್ರತಿಯೊಂದು ಪ್ಯಾಕೆಟ್ಟೂ ಆ ಸಾಲಿನ ಬಾಲಕ್ಕೆ ಹೋಗಿ ನಿಲ್ಲುತ್ತದೆ. ನಿಮ್ಮ ಪಿಂಗ್ ಏರಿಕೆಯೂ ಹತ್ತಿರಹತ್ತಿರ ಅಷ್ಟೇ ಇದೆ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಈ ತಡ ಮಲ್ಪೆಯಿಂದ ಹೊರಡುವ ದಿಕ್ಕಿನಲ್ಲಿ ಮಾತ್ರ ಇದೆ. ಯಜಮಾನರ ಮಾತು ಮಲ್ಪೆಗೆ 175ರ ಆಸುಪಾಸಿನಲ್ಲೇ ತಲಪುತ್ತಿದೆ, ರೈಟರ್ ಮಾತು ಮಂಗಳೂರಿಗೆ ಬರಲು ಸುಮಾರು 625 ಹಿಡಿಯುತ್ತಿದೆ. ಎರಡರ ಸರಾಸರಿಯೇ ನಿಮ್ಮ 400. ಆದರೆ ಮಾತಾಡುವವರಿಬ್ಬರಿಗೂ ಯಾವ ದಿಕ್ಕು ನಿಧಾನ ಎಂದು ಎಂದಿಗೂ ಗೊತ್ತಾಗುವುದಿಲ್ಲ. ತಾನು ಹೇಳಿದ್ದಕ್ಕೆ ಉತ್ತರ ಎಷ್ಟು ಹೊತ್ತಿಗೆ ಬಂತು ಎಂಬುದಷ್ಟೇ ಕಿವಿಗೆ ತಿಳಿಯುತ್ತದೆ, ಅದರಲ್ಲಿ ಎರಡೂ ದಿಕ್ಕು ಸೇರಿರುತ್ತವೆ. ನಿಮ್ಮ "ಹೂಂ" ಮಲ್ಪೆಗೆ ತಡವಾಗಿ ಹೋಗಲಿಲ್ಲ, ಏಲಂ ಕೂಗು ಯಜಮಾನರಿಗೆ ತಡವಾಗಿ ಕೇಳಿತು, ಅಷ್ಟೇ. ಬಂಗುಡೆಗೆ ಇದರಿಂದ ವ್ಯತ್ಯಾಸವಿಲ್ಲ, ದುರಸ್ತಿ ಮಾಡುವವರಿಗೆ ಇದೆ: ಮಂಗಳೂರಿನ ರೂಟರನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ಮಾಡಬೇಕಾದದ್ದು ಇಷ್ಟು. ಕ್ಯಾಮೆರಾ ರೆಕಾರ್ಡರಿನಲ್ಲಿ ಮುಖ್ಯ ಸ್ಟ್ರೀಮ್ ಬದಲಿಗೆ ಸಬ್ ಸ್ಟ್ರೀಮ್ (ಕಡಿಮೆ ಡೇಟಾದ ಚಿಕ್ಕ ಚಿತ್ರ) ಆಯ್ದುಕೊಳ್ಳಿ. ನಾಲ್ಕು ಚೌಕದಲ್ಲಿ ನೋಡುವಾಗ ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣದು. ಮಲ್ಪೆಯ ರೂಟರಿನಲ್ಲಿ ಅಪ್‌ಲೋಡನ್ನು 4.5 ಎಂಬಿಪಿಎಸ್‌ಗೆ ಮಿತಿಗೊಳಿಸಿ. 5 ಇರುವುದನ್ನು ನಾವೇ ಏಕೆ ಕಡಿಮೆ ಮಾಡಬೇಕು ಎಂದು ಯಜಮಾನರು ಕೇಳಿಯೇ ಕೇಳುತ್ತಾರೆ. ಹಾಗೆ ಮಾಡಿದರೆ ಸಾಲು ನಮ್ಮ ಮಾತು ಕೇಳದ ಮೋಡೆಮ್ಮಿನಲ್ಲಿ ಬೆಳೆಯುವ ಬದಲು ನಮ್ಮ ಹಿಡಿತದಲ್ಲಿರುವ ರೂಟರಿನಲ್ಲಿ ನಿಲ್ಲುತ್ತದೆ ಎಂಬುದೇ ಉತ್ತರ. ಅಲ್ಲಿ ಎಫ್‌ಕ್ಯೂ-ಕೋಡೆಲ್ ಅಥವಾ ಕೇಕ್ ಎಂಬ ಸರತಿ ವ್ಯವಸ್ಥೆಯನ್ನು ಹಾಕಿ. ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶ ಇರುವ ರೂಟರುಗಳಲ್ಲಿ, ಮೈಕ್ರೋಟಿಕ್‌ನ ರೂಟರ್ ತಂತ್ರಾಂಶದ 7ನೇ ಆವೃತ್ತಿಯಲ್ಲಿ ಇವೆರಡೂ ಸಿಗುತ್ತವೆ. ಎಫ್‌ಕ್ಯೂ-ಕೋಡೆಲ್ 2018ರಲ್ಲಿ ಇಂಟರ್‌ನೆಟ್‌ನ ತಾಂತ್ರಿಕ ಕಡತಗಳಲ್ಲಿ ಆರ್‌ಎಫ್‌ಸಿ 8290 ಆಗಿ ದಾಖಲಾಗಿದೆ. ಅದು ಪ್ರತಿ ಹರಿವಿಗೂ ಬೇರೆ ಸಾಲು ಮಾಡಿ, ಫೋನಿನಂತೆ ಅಪರೂಪಕ್ಕೆ ಸಣ್ಣ ಪ್ಯಾಕೆಟ್ ಕಳುಹಿಸುವವರನ್ನು ಮುಂದೆ ಬಿಡುತ್ತದೆ, ಸಾಲು ಬಹಳ ಹೊತ್ತು ನಿಂತೇ ಇದ್ದರೆ ಕೆಲವನ್ನು ಉದುರಿಸಿ ಕಳುಹಿಸುವವರಿಗೆ ಸೂಚನೆ ಕೊಡುತ್ತದೆ. ಫೋನಿನ ಪ್ಯಾಕೆಟ್ಟಿಗೆ ಆದ್ಯತೆ ಕೇಳುವ ಡಿಎಸ್‌ಸಿಪಿ 46 ಎಂಬ ಗುರುತನ್ನೂ ಹಾಕಿಕೊಳ್ಳಬಹುದು. ಹೊರಗಿನ ಇಂಟರ್‌ನೆಟ್‌ನಲ್ಲಿ ಅದನ್ನು ಯಾರೂ ಗೌರವಿಸಬೇಕೆಂದಿಲ್ಲ, ನಮ್ಮ ರೂಟರ್ ಗೌರವಿಸಿದರೆ ಸಾಕು.

100 ಎಂಬಿಪಿಎಸ್ ಪ್ಲಾನ್ ಬೇಡ. ಡೌನ್‌ಲೋಡಿನ ಕಡೆ ನಿಮಗೆ ಕೊರತೆಯೇ ಇಲ್ಲ.


ಮಣಿಪಾಲ_ಧ್ವನಿ:

ಕೊನೆಯ ವಾಕ್ಯಕ್ಕೆ ನನ್ನ ತಕರಾರು ಇದೆ. ಹೊಸ ಪ್ಲಾನಿನಲ್ಲಿ ಅಪ್‌ಲೋಡ್ 20 ಎಂಬಿಪಿಎಸ್ ಬರುವುದಾದರೆ ಅದೇ ಬಫರ್ ಸುಮಾರು 105 ಮಿಲಿಸೆಕೆಂಡಿನಲ್ಲಿ ಬರಿದಾಗುತ್ತದೆ, ಮತ್ತು ನಾಲ್ಕು ಕ್ಯಾಮೆರಾಗಳ ಚಿತ್ರ ಅಷ್ಟರಲ್ಲಿ ಹಿಡಿಸಿದರೆ ಸಾಲೇ ನಿಲ್ಲದು. ಪ್ಲಾನಿನ ಹೆಸರಿನಲ್ಲಿರುವ ಅಂಕೆ ಬಿಟ್ಟು ಅಪ್‌ಲೋಡ್ ಎಷ್ಟು ಎಂದು ಕೇಳಿ ತೆಗೆದುಕೊಂಡರೆ ಅದೂ ಒಂದು ಪರಿಹಾರವೇ. ರೂಟರ್ ತಿದ್ದಲು ಬಾರದವರಿಗೆ ಸುಲಭದ್ದು ಕೂಡ.

ಮಧ್ಯಾಹ್ನದ 175 ಸಹ 150ಕ್ಕಿಂತ ಹೆಚ್ಚೇ ಇದೆ ಎಂಬುದನ್ನು ಮರೆಯಬೇಡಿ. ಎರಡು ಪಿಂಗ್‌ಗಳ ಅರ್ಧರ್ಧ ಸೇರಿದರೆ 30, ಪ್ಯಾಕೆಟ್ ಕಟ್ಟಲು 25, ಫೋನುಗಳ ಒಳಗಿನ ಕೆಲಸಕ್ಕೆ ಹದಿನೈದಿಪ್ಪತ್ತು. ಉಳಿದ ಸುಮಾರು 100 ಜಿಟರ್ ಬಫರಿನದ್ದೇ ಆಗಿರಬೇಕು.


ಕೊಟ್ಟಾರ_ನೆಟ್‌ವರ್ಕ್:

ಒಪ್ಪಿದೆ. 20ಕ್ಕೂ ಸಾಲು ಕಟ್ಟುವ ಇನ್ನೊಂದು ಅಪ್‌ಲೋಡ್ ಮುಂದೆ ಬಂದೇ ಬರುತ್ತದೆ ಎಂಬ ಅನುಭವದಿಂದ ಹಾಗೆ ಬರೆದೆ, ಆದರೆ ನಿಮ್ಮ ಲೆಕ್ಕ ಸರಿ.


ಹಳೇ_ಎಕ್ಸ್‌ಚೇಂಜ್:

ದೂರವಾಣಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಧ್ವನಿ ತಿರುಗಿ ಕೇಳುವ ಪ್ರಶ್ನೆಗೆ ಯಾರೂ ಉತ್ತರಿಸದ ಕಾರಣ ಬರೆಯುತ್ತಿದ್ದೇನೆ.

ಮನೆಯ ಲ್ಯಾಂಡ್‌ಲೈನಿಗೆ ಬರುವುದು ಎರಡೇ ತಂತಿ. ಹೋಗುವ ಮಾತು, ಬರುವ ಮಾತು ಎರಡೂ ಅದರಲ್ಲೇ. ದೂರದ ಜಾಲದಲ್ಲಿ ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ ದಾರಿ. ಇವೆರಡನ್ನು ಕೂಡಿಸುವ ಜಾಗದಲ್ಲಿರುವ ಹೈಬ್ರಿಡ್ ಎಂಬ ಭಾಗವು ಎಂದಿಗೂ ನೂರಕ್ಕೆ ನೂರು ಸರಿಹೊಂದುವುದಿಲ್ಲವಾದ್ದರಿಂದ, ಬಂದ ಮಾತಿನ ಒಂದಂಶ ಅಲ್ಲಿಂದಲೇ ಸೋರಿ ಮರಳಿ ಹೋಗುತ್ತದೆ. ಈ ಸೋರಿಕೆ ನಮ್ಮ ಕಾಲದಲ್ಲಿಯೂ ಇತ್ತು. ಉಡುಪಿಯಿಂದ ಮಂಗಳೂರಿಗೆ ಮಾತಾಡಿದರೆ ಅದು ಕೆಲವೇ ಮಿಲಿಸೆಕೆಂಡಿನಲ್ಲಿ ಮರಳುತ್ತಿದ್ದುದರಿಂದ ತನ್ನದೇ ಧ್ವನಿಯೊಳಗೆ ಬೆರೆತು ಹೋಗುತ್ತಿತ್ತು, ಯಾರಿಗೂ ಬೇರೆಯಾಗಿ ಕೇಳುತ್ತಿರಲಿಲ್ಲ. ಅದೇ ಸೋರಿಕೆ 300 ಮಿಲಿಸೆಕೆಂಡ್ ಕಳೆದು ಬಂದರೆ ಬೇರೊಬ್ಬರು ಅಣಕಿಸಿದಂತೆ ಕೇಳುತ್ತದೆ. ಪ್ರತಿಧ್ವನಿಯನ್ನು ತಡ ಹುಟ್ಟಿಸುವುದಿಲ್ಲ, ಇದ್ದದ್ದನ್ನು ಎತ್ತಿ ತೋರಿಸುತ್ತದೆ. ಲ್ಯಾಂಡ್‌ಲೈನ್ ಜಾಲಕ್ಕೆ ಸೇರುವ ತಾಣದಲ್ಲಿ ಪ್ರತಿಧ್ವನಿ ಅಳಿಸುವ ವ್ಯವಸ್ಥೆ ಇರಬೇಕು, ಜಿ.168 ಅದಕ್ಕಾಗಿಯೇ ಇರುವ ಮಾನದಂಡ. ಅದು ನಿಮ್ಮ ಫೋನ್ ಸೇವೆಯವರ ಜವಾಬ್ದಾರಿ. ಯಾವ ನಂಬರಿಗೆ, ಎಷ್ಟು ಗಂಟೆಗೆ ಎಂದು ಬರೆದು ದೂರು ಕೊಡಿ.

ಹಾಗೆಯೇ, ಏಲಂ ಹೊತ್ತಿನಲ್ಲಿ ಲೈನು ಕೈಕೊಟ್ಟರೆ ಮೊಬೈಲಿನ ಸಾಧಾರಣ ವೋಲ್ಟಿ (4ಜಿ ಮೂಲಕ ಸಾಗುವ ಮಾಮೂಲಿ ಧ್ವನಿ) ಕರೆಯನ್ನೇ ಮಾಡಿ, ಮೊಬೈಲ್ ಡೇಟಾದ ಮೇಲೆ ಆ್ಯಪ್ ಕರೆ ಬೇಡ. ಎರಡೂ ಐಪಿಯೇ ಆದರೂ 4ಜಿ ಜಾಲದ ನಿಯಮದಲ್ಲಿ ವೋಲ್ಟಿ ಮಾತಿಗೆ ಪ್ರತ್ಯೇಕ ಆದ್ಯತೆಯ ದಾರಿ ಇದ್ದು ಅದರ ತಡದ ಮಿತಿ 100 ಮಿಲಿಸೆಕೆಂಡ್. ಸಾಮಾನ್ಯ ಡೇಟಾಕ್ಕೆ ಇರುವ ಮಿತಿ 300.


ಬಂದರು_ಲೆಕ್ಕಪತ್ರ:

ಹತ್ತು ದಿನದ ಬಳಿಕ ಬರೆಯುತ್ತಿದ್ದೇನೆ. ಮಲ್ಪೆಯ ರೂಟರ್ ಬದಲಿಸಿ ಅಪ್‌ಲೋಡನ್ನು 4.5ಕ್ಕೆ ನಿಲ್ಲಿಸಿ ಕೇಕ್ ಹಾಕಿದೆವು, ಕ್ಯಾಮೆರಾಗಳನ್ನು ಸಬ್ ಸ್ಟ್ರೀಮ್‌ಗೆ ತಂದೆವು. ಈಗ ಏಲಂ ಹೊತ್ತಿನಲ್ಲಿ ಮಲ್ಪೆಯ ಪಿಂಗ್ 40ರ ಸುತ್ತಮುತ್ತ ಇದೆ, ಎಣಿಕೆ 31 ಸೆಕೆಂಡಿಗೆ ಮರಳಿತು. ಎರಡೂ ಫೋನುಗಳ ಜಿಟರ್ ಬಫರ್ ನೋಡಿದರೆ ಸ್ಥಿರ 100 ಎಂದೇ ಇತ್ತು. ಅಡಾಪ್ಟಿವ್‌ಗೆ ಬದಲಿಸಿದ ಮೇಲೆ 29 ಸೆಕೆಂಡ್, ಅಂದರೆ 125 ಮಿಲಿಸೆಕೆಂಡ್. ಕೋಡೆಕ್ ಜಿ.711 ಮಾಡಿದ್ದರಿಂದ ಎಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಆದರೆ ಧ್ವನಿ ತಿಳಿಯಾಗಿದೆ. ಪ್ರತಿಧ್ವನಿಯ ದೂರನ್ನು ಮೂರು ನಂಬರುಗಳ ಸಮೇತ ಕೊಟ್ಟಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.

ಹೊಸದೊಂದು ಪೇಚು ಹುಟ್ಟಿದೆ. ಕ್ಯಾಮೆರಾದ ಚಿತ್ರ ಮಂಗಳೂರಿಗೆ ಬರಲು ಎರಡು ಸೆಕೆಂಡ್ ಹಿಡಿಯುತ್ತದೆ ಎಂದು ಈಗ ಗೊತ್ತಾಗುತ್ತಿದೆ. ಮೊದಲು ಮಾತೂ ಎಳೆದಾಡುತ್ತಿದ್ದುದರಿಂದ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಈಗ ಏಲಂ ಮುಗಿದದ್ದನ್ನು ಯಜಮಾನರು ಮೊದಲು ಫೋನಿನಲ್ಲಿ ಕೇಳುತ್ತಾರೆ, ಆಮೇಲೆ ಪರದೆಯ ಮೇಲೆ ಕೂಗುವವನು ಕೈ ಎತ್ತುವುದು ಕಾಣುತ್ತದೆ. ನಿನ್ನೆಯಿಂದ ಅವರು ಮೀನಿನ ರಾಶಿ ನೋಡಿಯಾದ ಕೂಡಲೇ ಪರದೆಯನ್ನು ನನ್ನ ಮೇಜಿನ ಕಡೆಗೆ ತಿರುಗಿಸಿಬಿಡುತ್ತಾರೆ.